ಅಲ್ಲಿ ಯಾರೂ ಕೇಳುವುದಿಲ್ಲ ಎಂದಿದ್ದೆ

ಅಪ್ಪಾ,

ನಿನಗೊಂದು ಸುಳ್ಳು ಹೇಳಿದ್ದೆ. ನೀನು ಅದನ್ನೇ ನಂಬಿಕೊಂಡು ಹೋಗಿಬಿಟ್ಟೆ. ಈಗಲಾದರೂ ನಿಜ ಹೇಳಿಬಿಡೋಣವೆಂದು, ಶ್ರೀಲಂಕಾದ ಈ ಹಳ್ಳಿ ಶಾಲೆಯಲ್ಲಿ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಒಬ್ಬಳೇ ಕೂತು ಬರೆಯುತ್ತಿದ್ದೇನೆ. ಬರೆದು ಎಲ್ಲಿಗೆ ಕಳಿಸಲಿ ಎನ್ನುವುದು ಮಾತ್ರ...

ಉಗಾರ ಖುರ್ದದ ಸ್ಟೇಶನ್ನಿಗೆ ನನ್ನನ್ನು ಬಿಡಲು ಬಂದ ದಿನ ನೆನಪಿದೆಯಾ? ನೀನು ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದೆ. ನಾನು ಬಿ.ಎಡ್. ಮುಗಿಸಿ ಅಥಣಿಯ ಟ್ಯೂಷನ್ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸಿಕೊಂಡಿದ್ದವಳು. ಹೊರದೇಶದಲ್ಲಿ ಒಂದು ಕುಟುಂಬದ ಜೊತೆ ಇದ್ದುಕೊಂಡು ಆರು ತಿಂಗಳು ಪಾಠ ಹೇಳುವ ಈ ಸೇವೆಯ ಕೆಲಸವನ್ನು ನಿಪ್ಪಾಣಿ ಕಡೆಯ ಬೌದ್ಧ ಭಿಕ್ಷು, ನಮ್ಮ ಭಂತೇಜಿ, ಹುಡುಕಿಕೊಟ್ಟಿದ್ದರು. "ಪಗಾರ ಇಲ್ಲದ ನೌಕರಿಗಿ ಸಮುದ್ರ ದಾಟಿ ಯಾಕ ಹೋಗಬೇಕ?" ಎಂದು ಅವ್ವ ಮುಖ ತಿರುಗಿಸಿ ಕೂತಿದ್ದಳು. ನೀನು ನಕ್ಕೆ. "ಸುಮ್ನಿರ ನೀ. ಬುದ್ಧನ ಮಂದಿ ಇರೂ ದೇಶ ಅದು. ಅಲ್ಲಿ ನನ್ನ ಮಗಳನ್ನ, ನೀ ಯಾರ ಪೈಕಿ ಅಂತ ಯಾಂವ ಕೇಳ್ತಾನ?" ರೈಲು ಹೊರಟ ಮೇಲೂ ನಿನ್ನ ಕೈ ಬೀಸುತ್ತಲೇ ಇತ್ತು. ಅದೇ ಕೊನೆಯ ಸಲ ಎಂದು ನನಗೆ ಯಾರು ಹೇಳಬೇಕಿತ್ತು?

ಇಲ್ಲಿಯ ಮೊದಲ ಬೆಳಿಗ್ಗೆ ನಾನು ಅತ್ತಿದ್ದೆ, ಅಪ್ಪಾ. ನನ್ನನ್ನು ಇಟ್ಟುಕೊಂಡ ಮನೆಯಲ್ಲಿ ಇಬ್ಬರೇ. ಅರವತ್ತು ದಾಟಿದ ಒಬ್ಬ ತಾಯಿ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಅವರ ಮಗಳು ದಿಲಿನಿ. ತಾಯಿಯನ್ನು ಇವರೂ 'ಅಮ್ಮ' ಎಂದೇ ಕರೆಯುತ್ತಾರೆ. ನನಗೆ ಅರ್ಥವಾದ ಮೊದಲ ಮಾತು ಅದೇ. ನಾನು ಅರ್ಧ ಕುಡಿದಿಟ್ಟ ನೀರಿನ ಲೋಟವನ್ನು ಅಮ್ಮ ಮಾತಾಡುತ್ತ ಮಾತಾಡುತ್ತಲೇ ಎತ್ತಿ ಕುಡಿದುಬಿಟ್ಟರು. ಕುಡಿದದ್ದು ಅವರ ಗಮನಕ್ಕೂ ಬಂದಂತಿರಲಿಲ್ಲ. ಅಂದು ಸಂಜೆ ಫೋನಿನಲ್ಲಿ ನಿನಗೆ ಇದನ್ನು ಹೇಳಿದೆ.

"ಅದಽ ಲೋಟದಾಗ?" ಎಂದು ಕೇಳಿದೆ ನೀನು.

"ಹೂಂ ಅಪ್ಪಾ, ಅದರಾಗಽ."

"ಮತ್ತೊಮ್ಮೆ ಹೇಳವಾ."

ಚಿಕ್ಕಂದಿನಲ್ಲಿ ಚಹಾದಂಗಡಿಯ ಹೊರಗೆ ಗೂಟಕ್ಕೆ ತೂಗುಹಾಕಿದ ಬೇರೆ ಕಪ್ಪಿನಲ್ಲಿ ಚಹಾ ಕುಡಿದವನು ನೀನು. ನಾನು ಮತ್ತೊಮ್ಮೆ ಹೇಳಿದೆ. ಅಲ್ಲಿಯವರೆಗೆ ನಾನು ಹೇಳಿದ್ದೆಲ್ಲ ನಿಜವೇ ಆಗಿತ್ತು.

ಸಂದುನಿಯ ಬಗ್ಗೆ ನಿನಗೆ ಅರ್ಧವೇ ಹೇಳಿದ್ದೆ. ಮೊದಲ ವಾರ ತರಗತಿಯಲ್ಲಿ ನನ್ನ ಪಾಡು ಯಾರಿಗೂ ಬೇಡ. ನನ್ನ ಇಂಗ್ಲಿಷು ಮಕ್ಕಳಿಗೆ ತಿಳಿಯದು, ಅವರ ಸಿಂಹಳ ನನಗೆ ತಿಳಿಯದು. ನಾನು ಬಾಯಿ ತೆರೆದರೆ ಸಾಕು, ನಗು. ಕೊನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, ನಾನು ಹೇಳಿದ್ದನ್ನು ತಮ್ಮ ಭಾಷೆಯಲ್ಲಿ ಹೇಳಿ ಎಲ್ಲರನ್ನೂ ಸುಮ್ಮನಾಗಿಸಿದಳು. ಹನ್ನೆರಡು ವರ್ಷದ ಆ ಸಂದುನಿಯೇ ನನಗೆ ಮೇಷ್ಟ್ರಾದಳು. ಇಷ್ಟನ್ನು ನಿನಗೆ ಹೇಳಿದ್ದೆ. ಅವಳ ಬೆಂಚಿನಲ್ಲಿ ಅವಳೊಬ್ಬಳೇ ಕೂರುತ್ತಾಳೆ ಎಂಬುದನ್ನು ಹೇಳಿರಲಿಲ್ಲ. ಮೊದಮೊದಲು ನನಗೂ ಅದು ಕಂಡಿರಲಿಲ್ಲ. ಕಾಣಲಿಲ್ಲ ಎಂದರೆ ನೀನು ನಂಬುತ್ತೀಯಾ? ನಿನ್ನ ಮಗಳಿಗೇ ಕಾಣಲಿಲ್ಲವೆಂದರೆ?

ಒಂದು ಶನಿವಾರ ಅವಳು ನನ್ನನ್ನು ಮನೆಗೆ ಕರೆದಳು. ಅವಳಪ್ಪ ಹುಣ್ಣಿಮೆಗೆ ವಿಹಾರದಲ್ಲಿ ಡೋಲು ಬಾರಿಸುವವನು. ಅವಳ ತಾಯಿ ಚಾಪೆ ಹಾಸಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಬಡಿಸಿದಳು. ಉಂಡು ಖುಷಿಯಿಂದ ಮನೆಗೆ ಬಂದರೆ ಅಮ್ಮನ ಮುಖ ಬಾಡಿತ್ತು. ಅವರು ಹೇಳಿದ್ದನ್ನು ದಿಲಿನಿ ನೆಲ ನೋಡುತ್ತ ಇಂಗ್ಲಿಷಿನಲ್ಲಿ ತಿಳಿಸಿದಳು. "ಅಲ್ಲಿ ಊಟ ಮಾಡಬಾರದಿತ್ತು. ಒಳ್ಳೆಯ ಜನವೇ, ಆದರೆ ಡೋಲಿನ ಜಾತಿಯವರು. ನಿನಗೆ ಗೊತ್ತಿರಲಿಲ್ಲ, ತಪ್ಪು ನಿನ್ನದಲ್ಲ." ಆಮೇಲೆ ಅಮ್ಮ ನನ್ನ ಭುಜ ಸವರಿ ಒಂದು ಮಾತು ಕೇಳಿದರು. ದಿಲಿನಿ ಹೇಳುವ ಮೊದಲೇ ನನಗೆ ಅರ್ಥವಾಗಿತ್ತು. "ನಿಮ್ಮಲ್ಲೂ ಇದೆಯಂತಲ್ಲ. ನಿಮ್ಮದು ಯಾವ ಮನೆತನ?"

ಕೇಳಿಯೇಬಿಟ್ಟರು, ಅಪ್ಪಾ. ನಾನು ಏನು ಹೇಳಿದೆ ಗೊತ್ತಾ? "ನಮ್ಮಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದಾರೆ" ಎಂದೆ. ಅಷ್ಟೇ. ನಮ್ಮೂರು ಪಾಲಬಾವಿಯಲ್ಲಿ ಅಜ್ಜ ಹಲಗಿ ಬಾರಿಸುತ್ತಿದ್ದದ್ದು, ನೀನು ಹದಿನೆಂಟಕ್ಕೆ "ಇನ್ನ ನಾ ಇದನ್ನ ಮುಟ್ಟಂಗಿಲ್ಲ" ಎಂದು ಊರು ಬಿಟ್ಟದ್ದು, ಯಾವುದೂ ನನ್ನ ಬಾಯಿಗೆ ಬರಲಿಲ್ಲ. ಅವರ ಅನ್ನ ಉಣ್ಣುತ್ತಿದ್ದೇನೆ, ಅವರ ಮನೆಯಲ್ಲಿ ಮಲಗುತ್ತಿದ್ದೇನೆ, ಏನೆಂದು ಬಾಯಿ ತೆರೆಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಹೆದರಿಕೆ.

ಮರುದಿನ ಭಾನುವಾರ ನೀನು ಫೋನು ಮಾಡಿದೆ. ಅಲ್ಲಿ ಬುದ್ಧವಂದನೆ ಮುಗಿಸಿ ನಮ್ಮ ಮಂದಿಯೆಲ್ಲ ಕೂತಿದ್ದರು. ನೀನು ಸ್ಪೀಕರ್ ಹಾಕಿದ್ದೆ. "ಎಲ್ಲಾರೂ ಕೇಳಾಕತ್ತಾರ ನೋಡ. ಹೇಳವಾ, ಅಲ್ಲಿ ಯಾರರ ಕೇಳಿದ್ರೇನ, ಯಾರ ಪೈಕಿ ಅಂತ?"

"ಇಲ್ಲಪ್ಪಾ, ಇಲ್ಲಿ ಯಾರೂ ಕೇಳಂಗಿಲ್ಲ."

ಚಪ್ಪಾಳೆ ಕೇಳಿಸಿತು. ಅದರ ನಡುವೆ ನಿನ್ನ ಕೆಮ್ಮು, ನಿನ್ನ ನಗು. ಹೇಳಬೇಕಿತ್ತೇ? ಅಷ್ಟು ಜನರ ಮುಂದೆ, ಆ ನಗುವಿನ ಮುಂದೆ ಹೇಗೆ...

ಅದಾಗಿ ಒಂಬತ್ತನೆಯ ದಿನ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ತಮ್ಮ ಮಿಲಿಂದ ಫೋನು ಮಾಡಿದ. "ಅಪ್ಪ ಹ್ವಾದ ಅಕ್ಕಾ. ಡ್ಯೂಟಿಗಿ ಹೊಂಟಾಂವ ಕಟ್ಟಿ ಮ್ಯಾಲ ಕುಂತ. ಏಳಲೇ ಇಲ್ಲ." ನಾನು ಬರುವುದಕ್ಕೆ ಎರಡು ದಿನ ಬೇಕಿತ್ತು. "ಅಲ್ಲೀತನಾ ಇಡಾಕ ಆಗಂಗಿಲ್ಲ ಅಕ್ಕಾ" ಎಂದು ಅವನು ಅತ್ತ. ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ನಿನ್ನ ಮುಖಕ್ಕೆ ಮಣ್ಣು ಬೀಳುವಾಗ ನಾನಿರಲಿಲ್ಲ.

ಆ ವಾರ ನನ್ನನ್ನು ನೋಡಿಕೊಂಡದ್ದು ಅದೇ ಅಮ್ಮ. ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದರು, ತುತ್ತು ಕಲಸಿ ಬಾಯಿಗಿಟ್ಟರು, ನನ್ನ ಪಕ್ಕದಲ್ಲೇ ಮಲಗಿದರು. ಏಳನೆಯ ದಿನ ನಿನ್ನ ಹೆಸರಿನಲ್ಲಿ ಭಿಕ್ಷುಗಳಿಗೆ ಊಟ ಹಾಕಿಸಿದರು. ಡೋಲು ಬಾರಿಸಲು ಬಂದವನು ಸಂದುನಿಯ ಅಪ್ಪ. ಎಲ್ಲ ಮುಗಿದ ಮೇಲೆ ನೋಡುತ್ತೇನೆ, ಅವನಿಗೆ ಹಿತ್ತಲಲ್ಲಿ, ಹಲಸಿನ ಮರದ ಕೆಳಗೆ ಬಡಿಸಿದ್ದರು. ನಿನ್ನ ಹೆಸರಿನ ಊಟ, ಅಪ್ಪಾ. ನಾನು ತಟ್ಟೆ ಎತ್ತಿಕೊಂಡು ಹೋಗಿ ಅವನ ಪಕ್ಕದಲ್ಲಿ ಕೂತೆ. ಅವನು ಗಾಬರಿಯಾಗಿ ಎದ್ದು ನಿಂತುಬಿಟ್ಟ. ಹಿಂದೆಯೇ ಬಂದ ದಿಲಿನಿಗೆ ಹೇಳಿದೆ: "ಅಮ್ಮನಿಗೆ ಹೇಳು. ನನ್ನ ಅಜ್ಜನೂ ಚರ್ಮದ ವಾದ್ಯ ಬಾರಿಸುತ್ತಿದ್ದವನೇ. ನಾವೂ ಇವರೇ."

ಅಮ್ಮ ಸೌಟು ಹಿಡಿದು ನಿಂತಲ್ಲೇ ನಿಂತರು. ಬಯ್ಯಲಿಲ್ಲ, ಹೋಗು ಎನ್ನಲಿಲ್ಲ. ಈಗಲೂ ಹೊತ್ತಿಗೆ ಸರಿಯಾಗಿ ಅಡುಗೆ ಮಾಡಿಡುತ್ತಾರೆ. ಆದರೆ ಅಂದಿನಿಂದ ನಾನು ಉಂಡು ಎದ್ದ ಮೇಲೆಯೇ ತಾವು ಕೂರುತ್ತಾರೆ. ಜಗಳವನ್ನಾದರೂ ಆಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ನನ್ನ ಜೊತೆ ಅತ್ತವರ ಮೇಲೆ ಹೇಗೆ ಸಿಟ್ಟಾಗಲಿ? ಸಿಟ್ಟಾಗದೆ ಹೇಗಿರಲಿ? ಶಾಲೆಯಲ್ಲಿ ಸಂದುನಿಯನ್ನು ಮುಂದಿನ ಬೆಂಚಿಗೆ ಕರೆತಂದೆ. ಪಕ್ಕದ ಹುಡುಗಿಯರು ಪುಸ್ತಕ ಎಳೆದುಕೊಂಡು ಸರಿದು ಕೂತರು. ಮೂರನೆಯ ದಿನ ಅವಳಾಗಿಯೇ ಚೀಲ ತೆಗೆದುಕೊಂಡು ಹಿಂದೆ ಹೋದಳು. "ನಾನು ಅಲ್ಲೇ ಇರುತ್ತೇನೆ, ಟೀಚರ್. ನೀವು ಅಳಬೇಡಿ" ಎಂದಳು. ಇದಕ್ಕೇನಾ ನಾನು ಇಷ್ಟು ದೂರ ಬಂದದ್ದು?

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಹೋದ ವಾರ ಮಿಲಿಂದ ಹೇಳಿದ, ಪಾಲಬಾವಿಯ ಪ್ರಜ್ಞಾ ಎಂಬ ಹುಡುಗಿ ನನ್ನ ನಂತರ ಇಲ್ಲಿಗೆ ಬರಲು ಹೆಸರು ಕೊಟ್ಟಿದ್ದಾಳಂತೆ. "ನಮ್ಮಪ್ಪನ ಮಾತ ಕೇಳಿ ಹೊಂಟಾಳ" ಎಂದ. ಕೂಡಲೇ ಅವಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ, ಒಂದೂ ಬಿಡಲಿಲ್ಲ. ನಮ್ಮಪ್ಪ ಸುಳ್ಳು ಹೇಳಿದ್ದಲ್ಲ, ಸುಳ್ಳು ಹೇಳಿದ್ದು ನಾನು ಎಂದೂ ಹೇಳಿದೆ.

ಅವಳು ಕೇಳಿದಳು: "ಅಕ್ಕಾ, ನೀವು ಬಂದ್ಮ್ಯಾಲ ಆ ಹುಡುಗಿಗಿ ಯಾರ ಕಲಸ್ತಾರ್ರಿ?"

ಯಾರೂ ಇಲ್ಲ ಎಂದೆ ನಾನು.

"ಹಂಗಾದ್ರ ನಾ ಬರ್ತೀನ್ರಿ. ನನಗ ಇರಾಕ ಬ್ಯಾರೆ ಮನಿ ನೋಡ್ರಿ."

ಅವಳು ಮುಂದಿನ ತಿಂಗಳು ಬರುತ್ತಾಳೆ, ಅಪ್ಪಾ. ಊರಿಗೆ ಮರಳಿದ ಮೊದಲ ಭಾನುವಾರವೇ ನಾನು ಆ ಮಂದಿಯ ಮುಂದೆ ನಿಂತು ಹೇಳುತ್ತೇನೆ. ಚಪ್ಪಾಳೆ ತಟ್ಟಿದವರ ಮುಖ ಏನಾಗುತ್ತದೋ ಕಾಣೆ. ನಿನ್ನೆ ಸಂದುನಿಯ ಮನೆಗೆ ಹೋಗಿ ಪ್ರಜ್ಞಾ ಬರುವುದನ್ನೂ ಅವಳಿಗೆ ಬೇರೆ ಮನೆ ಬೇಕಿರುವುದನ್ನೂ ತಿಳಿಸಿದೆ. ಇಂದು ಬೆಳಿಗ್ಗೆ ಶಾಲೆಗೆ ಬರುವಾಗ ಕಂಡೆ: ಸಂದುನಿಯ ತಾಯಿ ತಮ್ಮ ಒಂದೇ ಕೋಣೆಯ ಸಾಮಾನನ್ನೆಲ್ಲ ಹೊರಗಿಟ್ಟು, ಗೋಡೆಗೆ ಸುಣ್ಣ ಬಳಿಯುತ್ತಿದ್ದಳು.

ನಿನ್ನ,
ಸುಜಾತಾ