ಕುಳಿತ ಅಳತೆ

ಕಾರಟಗಿ
೧೧ ನವೆಂಬರ್ ೨೦೨೪

ದಾನೇಶ್ವರಿಯ ಅಪ್ಪನವರಿಗೆ,

ಕಳಕಮ್ಮನ ನಮಸ್ಕಾರ. ನಮಸ್ಕಾರವಿಲ್ಲದೆ ಗಂಡನಿಗೆ ಕಾಗದ ಬರೆಯಬಾರದು ಅಂತ ಅವ್ವ ಕಲಿಸಿದ್ದಕ್ಕೆ ಬರೆದೆ, ಮನಸ್ಸಿನಿಂದಲ್ಲ. ಫೋನಿನಲ್ಲಿ ಹೇಳಿದರೆ ನೀವು ಹೂಂ ಹೂಂ ಅಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ, ಪೂರಾ ಓದಬೇಕು.

ನಾನು ಸಿಟ್ಟು ಮಾಡಿಕೊಂಡು ಬಂದದ್ದು ತಂಗಿ ಶೇಖರಮ್ಮನಿಗೆ ಇನ್ನೂ ಗೊತ್ತಿಲ್ಲ. ನಿನ್ನನ್ನು ನೋಡಬೇಕು ಅನಿಸಿತು ಅಂತ ಸುಳ್ಳು ಹೇಳಿದ್ದೇನೆ. ಬದುಕಿರುವಾಗಲೇ ಗಂಡ ನನ್ನನ್ನು ಹೂಳಲು ಕುಣಿ ತೋಡಿಸಿದ್ದಾರೆ, ಅದಕ್ಕೇ ಕುಕನೂರು ಬಿಟ್ಟು ಬಂದೆ ಅಂತ ಯಾವ ಬಾಯಿಂದ ಹೇಳಲಿ?

ನಿಮ್ಮ ಗೆಳೆಯ ಹಾಲೇಶಣ್ಣ ಅಂಗಡಿಯಲ್ಲಿ ಕುಳಿತಲ್ಲೇ ತೀರಿಹೋದಾಗಿನಿಂದ ನಿಮ್ಮ ಬಾಯಲ್ಲಿ ಒಂದೇ ಮಾತು, ‘ಇನ್ನೆಷ್ಟು ದಿನ’. ನನಗೂ ಸಂಕಟವಾಯಿತು. ಆದರೆ ನೀವು ಬದುಕಿದ್ದೀರಲ್ಲ! ಮನೆಗೆ ಸುಣ್ಣ ಬಳಿಸೋಣ ಅಂದರೆ ಇನ್ನೆಷ್ಟು ದಿನ. ಬಿಪಿ ಗುಳಿಗೆ ಮುಗಿದಿವೆ, ತರಿಸಿಕೊಳ್ಳಿ ಅಂದರೂ ಅದೇ. ನೆಲದ ಮೇಲೆ ಕುಳಿತು ರೊಟ್ಟಿ ಬಡಿದು ನನ್ನ ಮಂಡಿ ಸವೆದುಹೋಗಿವೆ, ನಿಂತು ಅಡಿಗೆ ಮಾಡಲು ಒಂದು ಕಟ್ಟೆ ಕಟ್ಟಿಸಿ ಅಂತ ಎಷ್ಟು ಸಲ ಕೇಳಿದೆ! ‘ಇನ್ನೆಷ್ಟು ದಿನ ಅಡಗಿ ಮಾಡ್ತಿ, ಬಿಡು’ ಅಂದಿರಿ.

ಹಾಗಿರುವಾಗ ಯೂಸುಫ ಮೇಸ್ತ್ರಿ ದಾರ ಹಿಡಿದು ಬಂದು, ಸಾಹುಕಾರರು ನಿಮ್ಮ ಅಳತೆ ತಗೊಂಡು ಬಾ ಅಂದಿದ್ದಾರೆ ಅಂದ. ನಾನು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದೆ. ಅಂತೂ ನನ್ನ ಗಂಡನಿಗೆ ಕಟ್ಟೆಯ ನೆನಪಾಯಿತು ಅಂತ ಹಿಗ್ಗಿಹೋದೆ. ಏಳಲು ಹೋದರೆ ಅವನು, ‘ಏಳಬ್ಯಾಡ್ರಿ ಅಮ್ಮಾರ, ಕುಂತ ಅಳತೀನ ಬೇಕ್ರಿ’ ಅಂದ. ಮೇಸ್ತ್ರಿಗಳ ಲೆಕ್ಕ ನನಗೇನು ಗೊತ್ತು ಅಂದುಕೊಂಡು ಕುಳಿತೆ. ಸ್ವಲ್ಪ ಅಗಲ ಇರಲಪ್ಪಾ, ಕೈಯಾಡಿಸಲು ಜಾಗ ಬೇಕು ಅಂತ ಬೇರೆ ಹೇಳಿದೆ. ಅವನು ಮುಖ ನೋಡದೆ ಆತ್ರಿ ಅಂದ. ಆ ಖುಷಿಯಲ್ಲಿ ಗೋಧಿ ಹುಗ್ಗಿ ಮಾಡಿ ಅವನಿಗೆ ಬಡಿಸಿದೆ. ನನ್ನ ಕುಣಿ ಅಳೆದವನಿಗೆ ನಾನೇ ಹುಗ್ಗಿ ಉಣಿಸಿದೆ!

ತೋಟಕ್ಕೆ ನಿಮ್ಮ ಬುತ್ತಿ ತಂದ ದಿನ ನೋಡಿದೆ. ಬೇವಿನ ಗಿಡದ ಪಕ್ಕದಲ್ಲಿ ಎರಡು ಕುಣಿ, ಒಳಗೆಲ್ಲ ನುಣುಪಾದ ಕಲ್ಲು. ‘ಇದು ನಂದು, ಎಡಕ್ಕಿಂದು ನಿಂದು. ನಾಳೆ ಮಕ್ಕಳಿಗೆ ತ್ರಾಸ ಆಗಬಾರದು ನೋಡು’ ಅಂದಿರಿ, ಹೊಸ ಮನೆ ತೋರಿಸುವವರ ಹಾಗೆ. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುತ್ತಾರೆ. ಕುಳಿತ ಅಳತೆ ಯಾಕೆ ಬೇಕಾಗಿತ್ತು ಅಂತ ಆಗ ನನಗೆ ಹೊಳೆಯಿತು. ಬುತ್ತಿ ಅಲ್ಲೇ ಇಟ್ಟು ತಿರುಗಿ ನಡೆದೆ.

ಈಗ ಕೇಳುತ್ತೇನೆ, ಹೇಳಿ. ಬದುಕಿದವಳ ಅಡಿಗೆ ಮನೆಗೆ ಸಿಗದ ಕಲ್ಲು ಹೆಣಕ್ಕೆ ಎಲ್ಲಿಂದ ಬಂತು? ಸತ್ತ ಮೇಲೆ ನನ್ನ ಮಂಡಿ ನೋಯುವುದಿಲ್ಲ, ಈಗ ನೋಯುತ್ತಿವೆ. ಮೂವತ್ತೆಂಟು ವರ್ಷ ನಿಮ್ಮ ಮನೆಯಲ್ಲಿ ಕುಳಿತೇ ಇದ್ದೆ, ಮುಂದೆಯೂ ಕುಳಿತೇ ಇರಲಿ ಅಂತ ಏರ್ಪಾಡು ಮಾಡಿದಿರಿ. ನನ್ನನ್ನು ಒಂದು ಮಾತು ಕೇಳಬೇಕು ಅಂತ ಅನಿಸಲಿಲ್ಲವೇ ನಿಮಗೆ?

ಈ ಲಕೋಟೆಯಲ್ಲಿ ಒಂದು ದಾರ ಇಟ್ಟಿದ್ದೇನೆ. ನೆಲದಿಂದ ನನ್ನ ಸೊಂಟದವರೆಗಿನ ಅಳತೆ, ಇಲ್ಲಿ ಗೋಡೆಗೆ ಆತು ನಿಂತು ನಾನೇ ಅಳೆದದ್ದು. ಯೂಸುಫನಿಗೆ ಕೊಡಿ. ಎಡಗಡೆಯ ಕುಣಿಯ ಕಲ್ಲೆಲ್ಲ ಕಿತ್ತು ಆ ಎತ್ತರಕ್ಕೆ ಕಟ್ಟೆ ಕಟ್ಟಲಿ. ಆಮೇಲೆ ಕುಣಿ ಮುಚ್ಚಿ, ಅದರ ಮೇಲೆ ನುಗ್ಗೆ ಗಿಡ ಹಚ್ಚಿ. ಕಟ್ಟೆ ಆಗುವವರೆಗೆ ನಾನು ಬರುವುದಿಲ್ಲ. ಯಾರನ್ನೂ ಕರೆಯಲು ಕಳಿಸಬೇಡಿ.

ಇನ್ನೂ ಸಿಟ್ಟಿನಲ್ಲೇ ಇರುವ,
ಕಳಕಮ್ಮ

ತಾ.ಕ.: ಬಸ್ಸು ಹತ್ತುವ ಮೊದಲು ಮತ್ತೊಮ್ಮೆ ತೋಟಕ್ಕೆ ಹೋಗಿದ್ದೆ. ಕುಣಿಯಲ್ಲಿ ಇಳಿದು ಕುಳಿತು ನೋಡಿದೆ. ನನ್ನದರಲ್ಲಲ್ಲ, ನಿಮ್ಮದರಲ್ಲಿ. ಅತ್ತು ಅತ್ತು ಏಳಲು ಆಗದೆ, ಕಡೆಗೆ ಯೂಸುಫನೇ ಕೈಹಿಡಿದು ಎಬ್ಬಿಸಿದ. ನಿಮಗೆ ಹೇಳಬೇಡ ಅಂದಿದ್ದೆ, ಈಗ ನಾನೇ ಹೇಳುತ್ತಿದ್ದೇನೆ. ಆ ಕಲ್ಲು ಬಹಳ ತಣ್ಣಗಿದೆ, ನಿಮಗೆ ತಂಪು ಆಗಿಬರುವುದಿಲ್ಲ. ಗುಳಿಗೆ ತರಿಸಿಕೊಂಡು ನುಂಗಿ. ಅವಸರ ಮಾಡಬೇಡಿ.