ನಾಟಕದ ನಡುವಿನ ಆಯೇರಿ

ಗೆಳೆಯ ಹುಲಗಪ್ಪಾ,

ಎರಡು ವರ್ಷದ ಹಿಂದೆ ಸತ್ತುಹೋದ ನೀನು ವಿಳಾಸ ಕೊಟ್ಟು ಹೋಗಲಿಲ್ಲ. ಹಾಗಾಗಿ ಇದನ್ನು ಅಂಚೆಗೆ ಹಾಕುವುದಿಲ್ಲ.

ಹಳೆಯ ಆಫೀಸ್ ಕಂಪ್ಯೂಟರನ್ನು ಅಗ್ಗದಲ್ಲಿ ತಂದು ಮನೆಗೊಂದು ಮೀಡಿಯಾ ಸರ್ವರ್ ಮಾಡಿದ್ದೆನಲ್ಲ, ಆಗ ಅದರ ಡಿಸ್ಕ್ ಚಿಕ್ಕದಿತ್ತು. ಹಿರೇಕೊಟ್ನೆಕಲ್ ಊರ ನಾಟಕದ ವಿಡಿಯೊ ತುಂಬುವಾಗ, ಯಾರು ಯಾವ ಪಾತ್ರಕ್ಕೆ ಏನು ಉಡುಗೊರೆ ಆಯೇರಿ ಮಾಡಿದರೆಂದು ನೀನು ಮೈಕಿನಲ್ಲಿ ಕೂಗಿದ್ದನ್ನೆಲ್ಲ ಕತ್ತರಿಸಿದೆ. ಡಿಸ್ಕ್ ಉಳಿಸಲು ತೆಗೆದುಕೊಂಡ ರಿಸ್ಕ್. ನೀನು ನೋಡಿ, "ಇದರಾಗ ನಾ ಎಲ್ಲಿ ಅದೀನಿ ಲೇ?" ಎಂದು ನಕ್ಕೆ. ನಾನು "ಜಾಗ ಇರಲಿಲ್ಲೋ" ಎಂದೆ.

ಈ ವಾರ ನಾಲ್ಕು ಪಟ್ಟು ದೊಡ್ಡ ಡಿಸ್ಕ್ ಹಾಕಿದೆ. ನಿನ್ನ ಮಗಳು ಅನ್ನಪೂರ್ಣ ದೇವದುರ್ಗದ ವಿಡಿಯೊದವನ ಅಟ್ಟ ಜಾಲಾಡಿ ಮೂಲ ಕ್ಯಾಸೆಟ್ ತಂದಳು. ಇವತ್ತು ಮಧ್ಯಾಹ್ನ ಪೂರ್ತಿ ನೋಡಿದೆವು. ನಾಯಕಿ ವಿಷ ಕುಡಿದು ಸಾಯುತ್ತಿದ್ದಾಳೆ, ಅಷ್ಟರಲ್ಲಿ ನಿನ್ನ ದನಿ: "ತಡಿಯವ್ವಾ, ಆಮ್ಯಾಲ ಸಾಯಿ! ಗುಂಜಹಳ್ಳಿ ಮಹಾಂತಯ್ಯನೋರು ನಿನಗ ಸೀರಿ ಆಯೇರಿ ಮಾಡ್ಯಾರ!" ಅವಳು ಎದ್ದು ಬಂದು, ಸೀರೆ ಇಸಕೊಂಡು, ಕೈಮುಗಿದು, ಮತ್ತೆ ಮಲಗಿ ಸತ್ತಳು.

ಅನ್ನಪೂರ್ಣ ಬಿದ್ದುಬಿದ್ದು ನಕ್ಕಳು. ಅದೇ ತುಣುಕನ್ನು ಮೂರು ಸಲ ಹಾಕಿಸಿದಳು. ಆಮೇಲೆ ಕಣ್ಣೊರೆಸಿಕೊಂಡು, "ಕಾಕಾ, ಇನ್ನೊಮ್ಮಿ ಜಾಗ ಸಾಲದಿದ್ರ ನಾಟಕಾನ ಕತ್ತರಿಸಿಬಿಡ್ರಿ" ಎಂದಳು.

ಆಗಲವ್ವಾ, ಎಂದೆ.

ನಿನ್ನ
ಶಿವರಾಜ