ಜಾಮೀನು ಮಂಜೂರಾದವನು

ಹರದನಹಳ್ಳಿ
ಭಾನುವಾರ, ೨೬ ಅಕ್ಟೋಬರ್ ೨೦೨೫

ಮಗಳು ಭವ್ಯಶ್ರೀಗೆ,

ಅಪ್ಪನ ಆಶೀರ್ವಾದ. ಉಭಯ ಕುಶಲೋಪರಿ ಎಂದು ಒಂದು ಸಾಲು ಗೀಚಿ ಮುಂದಕ್ಕೆ ಹೋಗುವುದು ನನ್ನ ಹಳೆಯ ಚಾಳಿ. ಈ ಸಲ ಈ ಕಡೆಯ ಕುಶಲದ ಬಗ್ಗೆ ನನಗೇ ಅನುಮಾನ ಇರುವುದರಿಂದ ಆ ಸಾಲು ಬಿಟ್ಟಿದ್ದೇನೆ. ದೀಪಾವಳಿಗೆ ಬಂದಾಗ ನೀನು "ಯಾಕಪ್ಪಾ ಹಿಂಗಿದ್ದೀಯ, ಊಟ ಸೇರ್ತಿಲ್ವಾ?" ಎಂದು ಎರಡು ಸಲ ಕೇಳಿದೆ. ಬಿಪಿ ಎಂದೆ. ನಿನ್ನ ಅಮ್ಮ ತಕ್ಷಣ ಉಪ್ಪಿನಕಾಯಿ ಜಾಡಿ ಅಟ್ಟಕ್ಕೇರಿಸಿದಳು. ಬಿಪಿ ಅಲ್ಲ ಮಗಳೇ. ಅವತ್ತೇ ಹೇಳಬೇಕಿತ್ತು, ತಡ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಹಬ್ಬದ ಮನೆಯಲ್ಲಿ ಅಳಿಯಂದಿರ ಎದುರು ಆಡುವ ಮಾತಾಗಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಮಾತಿಗೊಮ್ಮೆ "ನಿಸರ್ಗಾ, ಬಾಯಿಗೆ ಹಾಕ್ಬೇಡ ಅದನ್ನ" ಎನ್ನುತ್ತೀಯ. ಅದಕ್ಕೇ ಈ ಕಾಗದ.

ಕೋರ್ಟಿನಿಂದ ನಿವೃತ್ತನಾಗಿ ಆರು ವರ್ಷ ನಿನ್ನ ಅಮ್ಮನ ಸಾರಿಗೆ ಷರಾ ಬರೆಯುತ್ತಾ ಕೂತಿದ್ದವನನ್ನು ಉಚಿತ ಕಾನೂನು ನೆರವಿನವರು ಕರೆದರು. ಜೈಲುಗಳಲ್ಲಿ ಯಾರು ಎಷ್ಟು ದಿನದಿಂದ ಇದ್ದಾರೆ ಎಂದು ಪಟ್ಟಿ ನೋಡಿ ಹೇಳುವ ಕೆಲಸ. ಹೊಸ ಕಾನೂನು ಬಂದಿದೆಯಲ್ಲ, ಮೊದಲ ಸಲ ಸಿಕ್ಕಿಬಿದ್ದವನು ತನ್ನ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯಲ್ಲಿ ಮೂರನೇ ಒಂದು ಭಾಗದಷ್ಟು ಕಾಲ ವಿಚಾರಣೆಯಲ್ಲೇ ಒಳಗೆ ಕಳೆದಿದ್ದರೆ ಅವನನ್ನು ಬಾಂಡ್ ಬರೆಸಿಕೊಂಡು ಬಿಡಬೇಕು. ತರಬೇತಿಯಲ್ಲಿ ಒಂದು ಅಂಕಿ ಹೇಳಿದರು. ಐವತ್ತು ವರ್ಷದ ಹಿಂದೆ ದೇಶದ ಜೈಲುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ವಿಚಾರಣಾಧೀನರಿದ್ದರಂತೆ. ಈಗ ನಾಲ್ವರಲ್ಲಿ ಮೂವರು. ಅಂದರೆ ಒಳಗಿರುವ ಮುಕ್ಕಾಲುಪಾಲು ಜನರಿಗೆ ತಪ್ಪಿತಸ್ಥರೆಂದು ಯಾರೂ ಇನ್ನೂ ಹೇಳಿಲ್ಲ. ನಾನು ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಗುಮಾಸ್ತನಾಗಿ ಕೂತು ಹೆಸರು ಕೂಗಿಸಿದವನು. ಈ ಅಂಕಿಯನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಅವರು ಕೊಟ್ಟ ಬೋಂಡಾ ತಿಂದು ಮನೆಗೆ ಬಂದೆ. ಅಷ್ಟೇ ಆಗಿತ್ತು ಅದು ನನಗೆ.

ಹದಿನಾಲ್ಕನೇ ತಾರೀಖು ಮಂಗಳವಾರ ಒಂದು ಜೈಲಿಗೆ ಹೋದೆ. ಅದರ ಹೆಸರು ಬೇಡ. ಹಾಸನಾಂಬೆ ದರ್ಶನದ ಜನ ತುಂಬಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲಿನ ಹೆಡ್ ವಾರ್ಡರ್ ಗೌರೀಶಂಕರ ಎನ್ನುವವರು ಕುರ್ಚಿ ಹಾಕಿ ಪಟ್ಟಿ ಕೊಟ್ಟರು. ಹೆಸರು, ತಂದೆ ಹೆಸರು, ಕಲಮು, ಒಳಗೆ ಬಂದ ದಿನ. ಮೂರನೇ ಹಾಳೆಯಲ್ಲಿ ಬೆರಳು ನಿಂತುಹೋಯಿತು. ಮೋಹನ್‌ಕುಮಾರ್ ಬಿನ್ ಲೇಟ್ ಲಕ್ಕಯ್ಯ, ಹರದನಹಳ್ಳಿ.

ನಮ್ಮೂರ ಕೇರಿಯ ಸಣ್ಣಕ್ಕನ ಮಗ. ನೀನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕಾಲು ಮುರಿದುಕೊಂಡು, ಎರಡು ತಿಂಗಳು ಅವನ ಸೈಕಲ್ಲಿನ ಹಿಂದೆ ಕೂತು ಸ್ಕೂಲಿಗೆ ಹೋಗಿದ್ದೆಯಲ್ಲ, ಅದೇ ಮೋಹನ. ಪಕ್ಕದೂರಿನ ಯಾರದೋ ಹೊಲದಿಂದ ಪಂಪ್‌ಸೆಟ್ಟಿನ ಮೋಟರು ಕದ್ದನೆಂದು ಪೊಲೀಸರು ಕರೆದುಕೊಂಡು ಹೋದದ್ದು, ಆಮೇಲೆ ಜಾಮೀನು ಸಿಕ್ಕಿದ್ದು ನಿನಗೆ ಗೊತ್ತು. ಜಾಮೀನಾದ ಮೇಲೆ ಊರಿಗೆ ಮುಖ ತೋರಿಸಲಾರದೆ ಸಕಲೇಶಪುರದ ಕಡೆ ಎಸ್ಟೇಟ್ ಸೇರಿಕೊಂಡ ಎಂದು ಊರೆಲ್ಲ ನಂಬಿತ್ತು. ನೀನೂ ಹಾಗೇ ಕೇಳಿರುತ್ತೀಯ.

ಒಳಗೆ ಬಂದ ದಿನ ಎನ್ನುವ ಕಡೆ ೨೦೨೩ರ ಮಾರ್ಚ್ ಎಂದಿತ್ತು. ತಪ್ಪು ಬರೆದಿದ್ದಾರೆ ಎಂದುಕೊಂಡೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. "ಇವ್ನಿಗೆ ಜಾಮೀನಾಗಿತ್ತಲ್ರೀ?" ಎಂದು ಕೇಳಿದೆ.

"ಆಗ್ಯದೆ ಸಾ," ಎಂದರು ಗೌರೀಶಂಕರ. "ಆಗಿ ಎಲ್ಡ್ ವರ್ಸದ ಮ್ಯಾಲಾಯ್ತು. ಜಮೀನಿರೋ ಒಬ್ರು ಪಾಣಿ ತಂದು ಜಾಮೀನ್ ನಿಲ್ಬೇಕು ಅಂತ ಆಡ್ರಾಗಿತ್ತು. ಯಾರೂ ಬರ್ನಿಲ್ಲ."

"ಹೊಸ ಕಾನೂನಲ್ಲಿ ಯಾಕೆ ಬಿಡಲಿಲ್ಲ?"

"ಜಾಮೀನು ಮಂಜೂರು ಅಂತ ಬರ್ದದಲ್ಲ ಸಾ ಹೆಸ್ರ ಮುಂದೆ. ಮಂಜೂರಾದೋರ್ನ ಆ ಲಿಸ್ಟಿಗೆ ಸೇರ್ಸಿಲ್ಲ."

ಸಾಮಾನ್ಯ ಕಳ್ಳತನ, ಗರಿಷ್ಠ ಶಿಕ್ಷೆ ಮೂರು ವರ್ಷ. ಒಂದೇ ವರ್ಷಕ್ಕೆ ಹೊರಗೆ ಬರಬೇಕಾದವನು ಎರಡು ವರ್ಷ ಏಳು ತಿಂಗಳಿಂದ ಒಳಗಿದ್ದಾನೆ. ಅಷ್ಟರಲ್ಲಿ ನಿನ್ನ ಮದುವೆಯಾಯಿತು, ನಿಸರ್ಗ ಹುಟ್ಟಿದಳು, ಅವಳಿಗೆ ಹಲ್ಲು ಬಂತು. ಮೋಟರಿನ ಯಜಮಾನ ಸಾಕ್ಷಿಗೆ ಬಾರದೆ ಅವನ ಕೇಸು ಮಾತ್ರ ಕೂತಲ್ಲೇ ಕೂತಿದೆ. ನನ್ನ ಕಾಲದಲ್ಲಿ ಮೊದಲ ಸಲದ ಕಳ್ಳತನಕ್ಕೆ ಮ್ಯಾಜಿಸ್ಟ್ರೇಟರು ಮೂರು ತಿಂಗಳು, ಆರು ತಿಂಗಳು ಕೊಡುತ್ತಿದ್ದರು. ಕೆಲವರನ್ನು ಸನ್ನಡತೆಯ ಬಾಂಡ್ ಬರೆಸಿಕೊಂಡು ಬೈದು ಮನೆಗೆ ಕಳಿಸುತ್ತಿದ್ದರು. ಇದನ್ನೇ ಗೌರೀಶಂಕರರಿಗೆ ಹೇಳಿದರೆ ಅವರು ನಕ್ಕರು. "ಒಪ್ಕಂಡ್ಬುಟ್ಟಿದ್ರೆ ಆರ್ ತಿಂಗ್ಳಿಗೇ ಮನೆಗೋಗೋನು ಸಾ. ಕದ್ದಿಲ್ಲ ಅಂದ ನೋಡಿ, ಅದ್ಕೇ ಇಲ್ಲೇ ಅವ್ನೆ."

ಈ ಮಾತು ಹನ್ನೆರಡು ದಿನದಿಂದ ನನ್ನ ಕಿವಿಯಲ್ಲಿದೆ. ಕದ್ದೆ ಎಂದರೆ ಆರು ತಿಂಗಳು, ಕದ್ದಿಲ್ಲ ಎಂದರೆ ಎರಡೂವರೆ ವರ್ಷ. ಇಂಥ ಎಷ್ಟು ಜಾಮೀನು ಆದೇಶಗಳು ನನ್ನ ಕೈ ದಾಟಿ ಹೋಗಿವೆ! ಆದೇಶ ಹೊರಬಿದ್ದರೆ ನಮ್ಮ ಪಾಲಿಗೆ ಅರ್ಜಿ ವಿಲೇವಾರಿ. ಕಡತಕ್ಕೆ ದಾರ ಕಟ್ಟಿ ಕಪಾಟಿಗೆ ಸೇರಿಸುತ್ತಿದ್ದೆ. ಆ ಮನುಷ್ಯ ಮನೆ ಸೇರಿದನೇ ಎಂದು ಒಂದು ದಿನವೂ ಕೇಳಿದವನಲ್ಲ.

ಅವನನ್ನು ಕರೆಸಿದರು. ಮೂವತ್ತೆರಡರ ಹುಡುಗನಿಗೆ ಕಿವಿಯ ಮೇಲೆಲ್ಲ ನರೆ ಬಂದಿದೆ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. ಬೈಯುತ್ತಾನೆ ಎಂದುಕೊಂಡೆ. "ಗೌಡ್ರೇ, ಚೆಂದಾಗಿದ್ದೀರಾ? ಇಷ್ಟ್ ದೂರ ಬಂದ್ರಾ?" ಎಂದ. ಆಮೇಲೆ ತಲೆ ತಗ್ಗಿಸಿ ಕೇಳಿದ, "ಅವ್ವ ಎಂಗವ್ಳೆ? ಒಂದ್ ದಪನೂ ನೋಡಾಕ್ ಬರ್ನಿಲ್ಲ. ನನ್ ಮ್ಯಾಲೆ ಸಿಟ್ಟಾಗವ್ಳೇನೋ."

ಚೆನ್ನಾಗಿದ್ದಾಳೆ ಎಂದೆ.

ಮರುದಿನವೇ ನೆರವು ಕೇಂದ್ರದ ವಕೀಲೆ ತೇಜಶ್ರೀ ಎನ್ನುವ ಹುಡುಗಿಯನ್ನು ಕಂಡೆ. ನಿನ್ನ ವಯಸ್ಸಿನವಳು, ಮಾತು ಸ್ವಲ್ಪ ಖಾರ. ಜಾಮೀನುದಾರರ ಷರತ್ತು ತೆಗೆದು ಸ್ವಂತ ಬಾಂಡಿನ ಮೇಲೆ ಬಿಡಬೇಕೆಂದು ಅರ್ಜಿ ಹಾಕಿದಳು. ಜಡ್ಜ್ ಸಾಹೇಬರು ಓದಿ, ತಾರೀಖುಗಳನ್ನು ತಾವೇ ಎರಡು ಸಲ ನೋಡಿದರಂತೆ. ಹಬ್ಬದ ರಜೆ ಕಳೆದು ಆದೇಶವಾಯಿತು. ನೀವೆಲ್ಲ ಹೋಳಿಗೆ ಉಣ್ಣುವಾಗ ಅವನು ಒಳಗೇ ಇದ್ದ. ನನಗೆ ಊಟ ಸೇರದಿದ್ದದ್ದು ಅದಕ್ಕೆ. ಮೊನ್ನೆ ಶುಕ್ರವಾರ ನಾನೇ ಹೋಗಿ ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನು ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದ. ಹೊಳೆನರಸೀಪುರ ಬಂದಾಗ "ಬಸ್‌ಸ್ಟ್ಯಾಂಡ್ ಬದ್ಲಾಗ್ಯದೆ" ಎಂದ, ಅಷ್ಟೇ. ಅವನನ್ನು ಅವನ ತಾಯಿಗೆ ಒಪ್ಪಿಸಿ ಬಂದಿದ್ದೇನೆ.

ಕೇಸು ಇನ್ನೂ ಇದೆ. ಅದನ್ನು ಮುಗಿಸುವ ತನಕ ತೇಜಶ್ರೀಯ ಬೆನ್ನು ಬಿಡುವುದಿಲ್ಲ. ಇನ್ನು ಮೇಲೆ ಪಟ್ಟಿ ನೋಡುವಾಗ 'ಮಂಜೂರು' ಎಂದಿರುವ ಹೆಸರುಗಳನ್ನೇ ಮೊದಲು ನೋಡುತ್ತೇನೆ.

ನಿನ್ನ ಅಮ್ಮನ ಮಂಡಿ ನೋವು ವಾಸಿ. ನಿಸರ್ಗಳಿಗೆ ರಾಗಿ ಮಣ್ಣಿ ಕೊಡುವುದನ್ನು ನಿಲ್ಲಿಸಬೇಡ ಎಂದು ಹೇಳಿದ್ದಾಳೆ, ಚನ್ನರಾಯಪಟ್ಟಣದ ಅಂಗಡಿಯ ಪುಡಿ ಬೇಡವಂತೆ. ಅಳಿಯಂದಿರಿಗೂ ಬೀಗರಿಗೂ ನಮಸ್ಕಾರ ತಿಳಿಸು. ನಿನ್ನ ಮಡಿಲು, ನಿನ್ನ ಮನೆ ಸದಾ ತುಂಬಿರಲಿ.

ನಿನ್ನ ಅಪ್ಪ,
ನಂಜಪ್ಪ

ವಿ.ಸೂ.: ಸಹಿ ಮಾಡಿ ಕವರು ಅಂಟಿಸಿದ್ದೆ, ಮತ್ತೆ ಕಿತ್ತಿದ್ದೇನೆ. ಹೇಳಬೇಕಾದದ್ದನ್ನೇ ಬರೆದಿರಲಿಲ್ಲ.

ಜಾಮೀನು ನಿಲ್ಲಬೇಕಾಗಿದ್ದವನು ನಾನು. ಸಣ್ಣಕ್ಕ ಬಂದು ಅಂಗಳದಲ್ಲಿ ಕೂತು ಅತ್ತಾಗ, ಸೋಮವಾರ ಪಹಣಿ ತಗೊಂಡು ಕೋರ್ಟಿಗೆ ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಭಾನುವಾರ ನಿನ್ನನ್ನು ನೋಡಲು ಚನ್ನರಾಯಪಟ್ಟಣದಿಂದ ಬೀಗರು ಬಂದು ಒಪ್ಪಿ ಹೋದರು. ಕೇರಿಯ ಕಳ್ಳನಿಗೆ ಜಾಮೀನು ನಿಂತ ಮನೆ ಎಂದು ಅವರ ಕಿವಿಗೆ ಬಿದ್ದರೆ ಏನು ಗತಿ ಎಂದು ಹೆದರಿದೆ. ಹೋಗಲಿಲ್ಲ. ನಿನ್ನ ಮೇಲೆ ಹೊರಿಸುತ್ತಿಲ್ಲ ಮಗಳೇ, ನೀನು ಕೇಳಿದ್ದಲ್ಲ, ಅವರೂ ಕೇಳಿದ್ದಲ್ಲ. ಹೆದರಿದವನು ನಾನು. ವಕೀಲರು ಇನ್ನು ಯಾರನ್ನಾದರೂ ಹುಡುಕಿಕೊಳ್ಳುತ್ತಾರೆ ಎಂದುಕೊಂಡೆ. ವಾರ ಬಿಟ್ಟು ಸಣ್ಣಕ್ಕ ಕೇಳಿದಾಗ "ಬಿಟ್ಟಿದ್ದಾರೆ, ಬರ್ತಾನೆ" ಎಂದೆ. ಅವನು ಬರಲಿಲ್ಲ. ಮತ್ತೆ ಕೇಳಿದಾಗ ಎಸ್ಟೇಟಿನ ಮಾತು ಹೇಳಿದೆ. ಊರಿಗೆ ಆ ಸುದ್ದಿ ಹಬ್ಬಿದ್ದು ನನ್ನ ಬಾಯಿಂದ. ಹೇಳುತ್ತಾ ಹೇಳುತ್ತಾ ನಾನೂ ಅದನ್ನೇ ನಂಬಿಬಿಟ್ಟೆ.

ಷರತ್ತು ತೆಗೆಸೋಣವೇ ಎಂದು ಮೊದಲಿನ ವಕೀಲರು ಅವನನ್ನು ಆಗಲೇ ಕೇಳಿದ್ದರಂತೆ. ಅವನು ಕೊಟ್ಟ ಉತ್ತರವನ್ನು ತೇಜಶ್ರೀ ಕಡತದಿಂದ ಓದಿ ಹೇಳಿದಳು: ಬೇಡ, ನಮ್ಮೂರ ನಂಜಪ್ಪನವರು ಬರುತ್ತೇನೆಂದು ಮಾತು ಕೊಟ್ಟಿದ್ದಾರೆ.

ಶುಕ್ರವಾರ ಸಣ್ಣಕ್ಕ ಮಗನನ್ನು ಕಂಡವಳೇ ಅವನ ಬೆನ್ನಿಗೆ ರಪರಪನೆ ಬಡಿದಳು. "ಎಸ್ಟೇಟ್ ಸೇರ್ಕಂಡು ಎತ್ತವ್ವನ್ನೇ ಮರ್ತ್‌ಬುಟ್ಯಲ್ಲೋ! ಎಲ್ಡೂವರೆ ವರ್ಸ! ಸತ್ತಿದ್ದೀನಾ ಬದ್ಕಿದ್ದೀನಾ ಅಂತ ಬ್ಯಾಡ್ವೇನೋ!"

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಕೆಲ್ಸ ಬಾಳ ಇತ್ತು ಕಣವ್ವ," ಎಂದ. "ಸಾವ್ಕಾರ ರಜ ಕೊಡ್ನಿಲ್ಲ."

ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. "ಉಡ್ಕಿ ಕರ್ಕಂಡ್ ಬಂದ್ರಲ್ಲ ಗೌಡ್ರೇ. ನಿಮ್ ಒಟ್ಟೆ ತಣ್ಣಗಿರ್ಲಿ. ಕುಂತ್ಕಳಿ, ಒಂದ್ ಲೋಟ ಕಾಪಿ ಕುಡ್ಕಂಡ್ ಓಗಿ."

ಅವಳ ಮನೆ ಜಗಲಿಯ ಮೇಲೆ ಜೀವಮಾನದಲ್ಲೇ ಮೊದಲ ಸಲ ಕೂತು, ಆ ಕಾಫಿ ಕುಡಿದು ಎದ್ದು ಬಂದೆ.